ಎಲ್ಲರ ಕೈಯೂ ಪುಸ್ತಕದ ಚಿತ್ರದಂತಿಲ್ಲ

ಹೆಬ್ಬೆರಳ ಬುಡದ ಕೆಳಗೆ, ಮಣಿಕಟ್ಟಿನ ಮೇಲೆ ಎರಡು ಬೆರಳಿಟ್ಟು ನೋಡಿ. ನಾವು ನಾಡಿ ಅನ್ನೋದು ಅಲ್ಲಿ ಮಿಡಿಯುವ ರೇಡಿಯಲ್ ಅಪಧಮನಿಯನ್ನೇ. ತೋಳಿನಲ್ಲಿ ಒಂದೇ ಆಗಿ ಇಳಿದು ಬರುವ ಬ್ರೇಕಿಯಲ್ ಅಪಧಮನಿ ಮೊಣಕೈ ಹತ್ತಿರ ಕವಲೊಡೆದು, ಹೆಬ್ಬೆರಳ ಕಡೆಗೆ ರೇಡಿಯಲ್, ಕಿರುಬೆರಳ ಕಡೆಗೆ ಅಲ್ನರ್ ಆಗುತ್ತದೆ. ಪುಸ್ತಕದಲ್ಲಿರೋ ಚಿತ್ರ ಇದು.

ನಮ್ಮಮ್ಮನ ಕೈ ಹಾಗಿಲ್ಲ ಅಂತ ಗೊತ್ತಾಗಿದ್ದು ಹೋದ ವರ್ಷ, ಆಂಜಿಯೋಗ್ರಾಂ ದಿನ. ಬಲಗೈ ಮಣಿಕಟ್ಟಿನಿಂದ ಮಾಡ್ತೀವಿ ಅಂದಿದ್ದರು. ಸ್ವಲ್ಪ ಹೊತ್ತಿಗೆ ನರ್ಸ್ ಬಂದು, "ಕೈಯಿಂದ ಆಗ್ತಿಲ್ಲ, ತೊಡೆಸಂದಿನಿಂದ ಮಾಡ್ತಿದ್ದಾರೆ" ಅಂದರು. ಸೋದರಮಾವನಿಗೆ ಸಿಟ್ಟು ನೆತ್ತಿಗೇರಿತು. "ಕೈ ಪಳಗದ ಡಾಕ್ಟರ್ ಹತ್ರ ಅಕ್ಕನ್ನ ಕರ್ಕೊಂಡು ಬಂದ್ಯಲ್ಲೋ!"

ಆಮೇಲೆ ಡಾಕ್ಟರು ಸ್ಕ್ರೀನ್ ತೋರಿಸಿದರು. ಅಮ್ಮನ ರೇಡಿಯಲ್ ಅಪಧಮನಿ ಕಂಕುಳಿನ ಹತ್ತಿರವೇ ಕವಲೊಡೆದಿತ್ತು. ತೀರಾ ಸಣ್ಣದು, ಮೊಣಕೈ ಬಳಿ ಕುಣಿಕೆಯಂತೆ ಒಂದು ಸುತ್ತು ಬೇರೆ. "ಬಲವಂತವಾಗಿ ತಳ್ಳಿದ್ರೆ ರಕ್ತನಾಳಕ್ಕೆ ಪೆಟ್ಟಾಗ್ತಿತ್ತು, ಅದಕ್ಕೇ ದಾರಿ ಬದಲಿಸಿದ್ವಿ. ಇದು ಕಾಯಿಲೆ ಅಲ್ಲ, ಹುಟ್ಟಿನಿಂದಲೇ ಇರೋದು." ಮಾವ ಸುಮ್ಮನಾದರು.

ಮನೆಗೆ ಬಂದು ಓದಿದೆ. ಭ್ರೂಣದ ಕೈಯಲ್ಲಿ ರಕ್ತನಾಳಗಳು ಮೊದಲು ಬಲೆಯಂತಿರುತ್ತವೆ. ರಕ್ತ ಹೆಚ್ಚು ಹರಿದ ದಾರಿ ಉಳಿಯುತ್ತೆ, ಉಳಿದವು ಮಾಯವಾಗುತ್ತವೆ. ಯಾವುದು ಉಳಿಯುತ್ತೆ ಅನ್ನೋದು ಎಲ್ಲರಲ್ಲೂ ಒಂದೇ ಅಲ್ಲ. ರೇಡಿಯಲ್ ಹೀಗೆ ಮೇಲಿನಿಂದಲೇ ಹೊರಡೋದು ಅಪರೂಪವೇನಲ್ಲ. ಕೆನಡಾದ ಲೂಸಿಯನ್ ಕ್ಯಾಂಪೋ 1989ರಲ್ಲಿ ಮಣಿಕಟ್ಟಿನ ದಾರಿಯ ಆಂಜಿಯೋಗ್ರಾಂ ಬಗ್ಗೆ ಬರೆದರು. ರಕ್ತಸ್ರಾವದ ಅಪಾಯ ಕಡಿಮೆ ಅಂತ ಈಗ ಅದೇ ರೂಢಿ. ಹಾಗಾಗಿಯೇ ಇಂಥ ವ್ಯತ್ಯಾಸಕ್ಕೂ ಈಗ ಮಹತ್ವ.

ಇನ್ನೊಂದು ವಿಷಯ ನಮಗೆಲ್ಲ ಗೊತ್ತಿರಬೇಕಾದ್ದು. ಕೆಲವರಲ್ಲಿ ಅಲ್ನರ್ ಅಪಧಮನಿ ಚರ್ಮದ ಕೆಳಗೇ ಹಾದು ಹೋಗುತ್ತದೆ. ಅದನ್ನು ಅಭಿಧಮನಿ ಅಂದುಕೊಂಡು ಔಷಧಿ ಚುಚ್ಚಿದರೆ ಬೆರಳುಗಳಿಗೆ ರಕ್ತ ನಿಂತು, ಬೆರಳನ್ನೇ ಕಳೆದುಕೊಳ್ಳಬೇಕಾದೀತು. ಚುಚ್ಚಿದ ಜಾಗ ಮಿಡಿಯುತ್ತಿದ್ದರೆ, ಕೆಂಪು ರಕ್ತ ಚಿಮ್ಮಿ ಬಂದರೆ, ಬೆರಳ ತುದಿವರೆಗೂ ಉರಿ ಹರಿದರೆ, ಸಂಕೋಚ ಬಿಟ್ಟು ತಕ್ಷಣ ಹೇಳಿ.

ಅಮ್ಮನ ಡಿಸ್ಚಾರ್ಜ್ ಸಮ್ಮರಿಯಲ್ಲಿ ಈ ವಿಷಯ ಒಂದೇ ಸಾಲಿನಲ್ಲಿದೆ. ಅದರ ಫೋಟೋ ನನ್ನ ಫೋನಲ್ಲೂ ಇದೆ, ತಂಗಿಯ ಫೋನಲ್ಲೂ ಇದೆ. ನಾಳೆ ಮತ್ತೆ ಆಂಜಿಯೋಗ್ರಾಂ ಆದರೂ, ಕೈಗೆ ಯಾವುದೇ ಆಪರೇಷನ್ ಆದರೂ ಮೊದಲು ತೋರಿಸೋದು ಅದನ್ನೇ.