ಸರೋವರದ ಸಾಲ

ನ್ಯೂಜಿಲೆಂಡಿನ ಟೌಪೊ ಆ ದೇಶದ ಅತಿ ದೊಡ್ಡ ಸರೋವರ. ಅದರ ನೀರು ತಿಳಿಯಾದುದು. ಆದರೆ ತಿಳಿನೀರೂ ಸಾಲ ಹೊತ್ತಿರಬಲ್ಲುದು. ಸುತ್ತಣ ಹುಲ್ಲುಗಾವಲುಗಳಲ್ಲಿ ಮೇಯುವ ದನಗಳ ಮೂತ್ರದಲ್ಲಿನ ಸಾರಜನಕವು ಮಣ್ಣಿಗಿಳಿದು, ಅಂತರ್ಜಲದೊಡನೆ ಮೆಲ್ಲಮೆಲ್ಲನೆ ಹರಿದು, ಎಷ್ಟೋ ವೇಳೆ ದಶಕಗಳ ತರುವಾಯ ಸರೋವರವನ್ನು ಸೇರುತ್ತದೆ; ಪಾಚಿಗೆ ಆಹಾರವಾಗುತ್ತದೆ. ತಾತ ಸಾಕಿದ ಹಿಂಡಿನ ಫಲವನ್ನು ಮೊಮ್ಮಗ ಉಣ್ಣಬೇಕಾಗುತ್ತದೆ.

ಇದನ್ನರಿತ ವೈಕಾಟೊ ಪ್ರಾದೇಶಿಕ ಮಂಡಲಿಯು ಜಮೀನುಗಳಿಂದ ಸೋರುವ ಸಾರಜನಕಕ್ಕೆ ಮಿತಿ ವಿಧಿಸಿತು. ಹಿಂಡನ್ನು ಮನಬಂದಂತೆ ಹೆಚ್ಚಿಸುವ ಸ್ವಾತಂತ್ರ್ಯ ರೈತರ ಕೈತಪ್ಪಿತು. ಆ ನಷ್ಟ ಸಣ್ಣದಲ್ಲ. ಹೊರೆಯೆಲ್ಲ ಅವರ ಮೇಲೆಯೇ ಬೀಳದಿರಲೆಂದು 2007ರಲ್ಲಿ ಸ್ಥಾಪಿತವಾದ ಸಂರಕ್ಷಣಾ ಸಂಸ್ಥೆಯು ಸಾರ್ವಜನಿಕ ಹಣವನ್ನಿತ್ತು ಅವರೊಡನೆ ಒಪ್ಪಂದ ಮಾಡಿಕೊಂಡಿತು. 2015ರ ವೇಳೆಗೆ ವರ್ಷಕ್ಕೆ 170 ಟನ್ ಸಾರಜನಕವನ್ನು ತಗ್ಗಿಸುವ ಒಪ್ಪಂದಗಳು ಪೂರ್ಣಗೊಂಡುವು.

ಆದರೂ ಹಳೆಯ ಸಾಲ ನೆಲದಡಿಯಲ್ಲಿ ಇನ್ನೂ ಹರಿಯುತ್ತಿದೆ. ಇಂದಿನ ಸಂಯಮದ ಪೂರ್ಣಫಲವನ್ನು ಕಾಣುವವರು ಮುಂದೆ ಹುಟ್ಟುವವರು. ಕಾಣದ ಮಕ್ಕಳಿಗಾಗಿ ಕೈಹಿಡಿತ ಕಲಿಯುವುದೇ ನೀರು ಕಲಿಸುವ ನಾಗರಿಕತೆ.