ಗಾಯಕ ವಾಪಸ್ ಬಂದ, ಹಾಡು ಬರಲಿಲ್ಲ

ಆಸ್ಕಿಂಗ್ ಅಲೆಕ್ಸಾಂಡ್ರಿಯಾ ಅನ್ನೋ ಮೆಟಲ್ ಬ್ಯಾಂಡಿನ 2017ರ ಆಲ್ಬಮ್ ನಿನ್ನೆ ನಾಗಮಂಗಲದ ಬಸ್ಸಲ್ಲಿ ಮತ್ತೆ ಕೇಳಿದೆ. ಬೇಜಾರಾಯ್ತು.

2009ರ 'ಸ್ಟ್ಯಾಂಡ್ ಅಪ್ ಅಂಡ್ ಸ್ಕ್ರೀಮ್' ಆಲ್ಬಮ್ಮಿನಲ್ಲಿ ಗಾಯಕ ಡ್ಯಾನಿ ವೋರ್ಸ್ನಾಪ್ ಗಂಟಲು ಹರಿದುಹೋಗೋ ಹಾಗೆ ಕಿರುಚ್ತಿದ್ದ. ಹಿಂದೆಯೇ ಗಿಟಾರು, ಡ್ರಮ್ಮು ಒಟ್ಟಿಗೆ ವೇಗ ತಗ್ಗಿಸಿ ಎದೆಗೇ ಬೀಳೋ ಆ ಹೊಡೆತ! ಪೂಜಾ ಕುಣಿತದ ತಮಟೆ ಕೇಳಿ ಬೆಳೆದ ನಮ್ಮ ಪಾಂಡವಪುರದ ಕಡೆಯವರಿಗೆ ಅದು ತಕ್ಷಣ ಹಿಡಿಸುತ್ತೆ.

2015ರಲ್ಲಿ ಡ್ಯಾನಿ ಬಿಟ್ಟುಹೋದ. ಡೆನಿಸ್ ಸ್ಟಾಫ್ ಬಂದು 'ದಿ ಬ್ಲ್ಯಾಕ್' ಆಲ್ಬಮ್ಮಿಗೆ ಹಾಡಿದ, ಪಾಪ, ಚೆನ್ನಾಗೇ ಹಾಡಿದ. 2016ರಲ್ಲಿ ಡ್ಯಾನಿ ಮತ್ತೆ ಬಂದ. ಆದರೆ ಈ 2017ರ ಆಲ್ಬಮ್ಮಿನಲ್ಲಿ ಕಿರುಚಾಟ ಬಹುಪಾಲು ಹೋಗಿ, ರೇಡಿಯೊಗೆ ಒಪ್ಪುವ ನುಣುಪು ರಾಕ್ ಬಂತು. ಗಾಯಕ ಬದಲಾದಾಗ ಇಷ್ಟು ನೋವಾಗಿರಲಿಲ್ಲ.

ಕೆ.ಆರ್. ಪೇಟೆ, ಶ್ರೀರಂಗಪಟ್ಟಣದ ಕಡೆ ಮೆಟಲ್ ಕೇಳೋರಿದ್ದರೆ, ದಯವಿಟ್ಟು 2009ರದ್ದರಿಂದಲೇ ಶುರುಮಾಡಿ.