ಮಾರುವ ಪೆಟ್ಟಿಗೆ, ಉಳಿಸಬೇಕಾದ ದನಿ

ಬೆಂಗಳೂರಿನಿಂದ ದಕ್ಷಿಣಕ್ಕೆ ಹೊರಟ ಹೆದ್ದಾರಿ ಹೊಸೂರು, ಕೃಷ್ಣಗಿರಿಗಳನ್ನು ದಾಟಿ ಧರ್ಮಪುರಿಗೆ ಬರುತ್ತದೆ; ಅಲ್ಲಿಂದ ತೊಪ್ಪೂರು ಘಟ್ಟವನ್ನಿಳಿದು ಸೇಲಂ ಸೇರುತ್ತದೆ. 1965ರವರೆಗೆ ಈ ಊರುಗಳೆಲ್ಲವೂ ಒಂದೇ ಸೇಲಂ ಜಿಲ್ಲೆಯಲ್ಲಿದ್ದವು. ಧರ್ಮಪುರಿಯಲ್ಲಿ ಒಂಬತ್ತನೆಯ ಶತಮಾನದ ನೊಳಂಬರ ಕನ್ನಡ ಶಾಸನಗಳು ದೊರೆತಿವೆ. ಸೇಲಂ ಸೀಮೆಯ ದೇವಾಂಗ ನೇಕಾರರಲ್ಲಿ ಹಲವರ ಮನೆಮಾತು ಇಂದಿಗೂ ಕನ್ನಡವೇ. ಈ ಮನೆಗಳಿಗೆ ಕನ್ನಡವು ಬಹುಕಾಲ ಗಾಳಿಯಲ್ಲಿಯೂ ಬರುತ್ತಿತ್ತು.

ಆಕಾಶವಾಣಿಯ ಬೆಂಗಳೂರು ನಿಲಯ 1955ರ ನವೆಂಬರ್ 2ರಂದು ಆರಂಭವಾಯಿತು. ಅದರ ಮಧ್ಯಮ ತರಂಗದ ನೆಲೆ 612 ಕಿಲೋಹರ್ಟ್ಸ್. ಮೀಟರುಗಳಲ್ಲಿ ಗುರುತು ಹಾಕಿದ ಹಳೆಯ ರೇಡಿಯೋಗಳಲ್ಲಿ ಸುಮಾರು 490. ಎಫ್.ಎಂ. ಅಲೆಗಳು ಬಹುಮಟ್ಟಿಗೆ ನೇರವಾಗಿ ಸಾಗುವುದರಿಂದ ಬೆಟ್ಟ ಅಡ್ಡಬಂದರೆ ಕುಂದುತ್ತವೆ. ಮಧ್ಯಮ ತರಂಗವಾದರೋ ನೆಲವನ್ನು ಅನುಸರಿಸಿ ದೂರ ಹೋಗುತ್ತದೆ. ರಾತ್ರಿಯಲ್ಲಿ ಮೇಲಣ ವಾಯುಮಂಡಲದಿಂದ ಮರಳಿ ಇನ್ನೂ ದೂರಕ್ಕೆ ಕೇಳಿಸುತ್ತದೆ. ಮಗ್ಗದ ಮೋಟಾರುಗಳು ಓಡುವಾಗ ಕರಕರ ಸದ್ದು, ಅವು ನಿಂತ ಮೇಲೆ ಸ್ಪಷ್ಟವಾದ ವಾರ್ತೆ.

1970 ಮತ್ತು 80ರ ದಶಕಗಳಲ್ಲಿ ಕೊಲ್ಲಿ ದೇಶಗಳಿಗೆ ದುಡಿಯಲು ಹೋದವರು ಸ್ಟೀರಿಯೋ ರಿಸೀವರುಗಳನ್ನು ಹೊತ್ತು ತಂದರು. ರೇಡಿಯೋ, ಆಂಪ್ಲಿಫೈಯರ್ ಎರಡೂ ಒಂದೇ ಪೆಟ್ಟಿಗೆಯಲ್ಲಿ. ಟೇಪ್ ರೆಕಾರ್ಡರನ್ನೂ ಜೋಡಿಸಬಹುದು. ದೇಶದಲ್ಲಿ ಎಫ್.ಎಂ. ಪ್ರಸಾರ ಮೊದಲಾದುದೇ 1977ರಲ್ಲಿ, ಮದರಾಸಿನಲ್ಲಿ. ಆದುದರಿಂದ ಆ ದಿನಗಳಲ್ಲಿ ಇಲ್ಲಿಯ ಮನೆಗಳಲ್ಲಿ ರಿಸೀವರಿನ ಎಫ್.ಎಂ. ಪಟ್ಟಿ ಮೌನವಾಗಿತ್ತು. ಮುಳ್ಳು ನಿಲ್ಲುತ್ತಿದ್ದುದು ಮಧ್ಯಮ ತರಂಗದಲ್ಲಿ.

ಈಗ ಮನೆ ಕಟ್ಟುವಾಗ, ಪಾಲಾಗುವಾಗ ಅವು ಅಟ್ಟದಿಂದ ಇಳಿಯುತ್ತಿವೆ. ಗುಜರಿಯವನು ತೂಕಕ್ಕೆ ಬೆಲೆ ಕಟ್ಟುತ್ತಾನೆ. ಬಲ್ಲವನು ಒಳಗಿನ ಕೆಲಸಗಾರಿಕೆಗೆ ಕಟ್ಟುತ್ತಾನೆ. ಮಾರುವವರು ಮೊದಲು ಹಿಂಬದಿಯ ಫಲಕವನ್ನು ಓದಬೇಕು. ಜಪಾನಿನ ಬಳಕೆಗೆ ಮಾಡಿದುದು 100 ವೋಲ್ಟಿನದು, ಅಮೆರಿಕದ್ದು 120 ವೋಲ್ಟಿನದು. ನಮ್ಮ 230 ವೋಲ್ಟಿಗೆ ನೇರವಾಗಿ ಚುಚ್ಚಿದರೆ ಸುಟ್ಟುಹೋಗುತ್ತದೆ. ಆಗಿನ ಜಪಾನಿನ ಎಫ್.ಎಂ. ಪಟ್ಟಿ 76ರಿಂದ 90 ಮೆಗಾಹರ್ಟ್ಸ್ ಮಾತ್ರವಿತ್ತು. ಅಂಥದರಲ್ಲಿ ನಮ್ಮ ಬಹುಪಾಲು ನಿಲಯಗಳು ಸಿಕ್ಕುವುದಿಲ್ಲ. ಇದನ್ನು ಕೊಳ್ಳುವವರಿಗೆ ಮೊದಲೇ ಹೇಳುವುದು ಧರ್ಮ. ಹತ್ತಾರು ವರ್ಷ ಸುಮ್ಮನಿದ್ದ ಯಂತ್ರದ ಕೆಪಾಸಿಟರುಗಳು ಒಣಗಿರುತ್ತವೆ. ಅನುಭವಿ ಮೆಕ್ಯಾನಿಕ್ ಒಬ್ಬರಿಂದ ಸೀರೀಸ್ ಬಲ್ಬಿನ ಮೂಲಕ ಪರೀಕ್ಷಿಸಿಯೇ ಹೊತ್ತಿಸಬೇಕು. ಗುಂಡಿ ತಿರುಗಿಸಿದರೆ ಕರಕರ ಎನ್ನುವುದು ಹೆಚ್ಚಾಗಿ ಧೂಳಿನ ದೋಷ. ಒಂದು ಕಡೆಯ ಸ್ಪೀಕರಿನಲ್ಲಿ ಸದ್ದೇ ಇಲ್ಲದಿದ್ದರೆ ಅದನ್ನು ಮುಚ್ಚಿಡಬಾರದು. ಘಟ್ಟದ ದಾರಿಯಲ್ಲಿ ಸಾಗಿಸುವಾಗ ಮಟ್ಟವಾಗಿ ಮಲಗಿಸಿ, ಭಾರವಾದ ಟ್ರಾನ್ಸ್‌ಫಾರ್ಮರ್ ಇರುವ ಕಡೆಗೆ ದಪ್ಪನೆಯ ಬಟ್ಟೆ ಕೊಡಬೇಕು.

ಇಷ್ಟು ಮಾಡಿದರೆ ನ್ಯಾಯವಾದ ಬೆಲೆ ಬರುತ್ತದೆ. ಆದರೆ ವ್ಯಾಪಾರ ಕುದುರಿದ ಗಳಿಗೆಯಲ್ಲಿ ಒಂದು ಎಚ್ಚರ ಬೇಕು. ರಿಸೀವರಿನ ಜೊತೆಗೆ ಒಂದು ಚೀಲ ಕ್ಯಾಸೆಟ್ಟುಗಳನ್ನೂ "ಇದನ್ನೂ ತೆಗೆದುಕೊಳ್ಳಿ" ಎಂದು ಕೊಟ್ಟುಬಿಡುವುದು ರೂಢಿ. ಅವುಗಳಲ್ಲಿ ಸಿನಿಮಾ ಹಾಡುಗಳೇ ಹೆಚ್ಚಿರಬಹುದು. ಅವು ಬೇರೆಡೆಯೂ ದೊರೆಯುತ್ತವೆ. ಆದರೆ ಕೈಬರಹದ ಚೀಟಿ ಅಂಟಿಸಿದ ಒಂದೆರಡು ಕ್ಯಾಸೆಟ್ಟುಗಳಲ್ಲಿ ಅಜ್ಜಿಯ ಶೋಭಾನೆ, ಅರಿಶಿನ ಕುಟ್ಟುವ ಹಾಡು, ಕೊಲ್ಲಿಯಲ್ಲಿದ್ದ ಮಗನಿಗೆ ಕಾಗದದ ಬದಲು ಕಳಿಸಿದ ಮಾತು ಇರಬಹುದು. ಅದು ಪಠ್ಯಪುಸ್ತಕದ ಕನ್ನಡವಲ್ಲ, ಬೆಂಗಳೂರು ನಿಲಯದ ಕನ್ನಡವೂ ಅಲ್ಲ. ತಮಿಳಿನ ಒಡನಾಟದಲ್ಲಿ ತಲೆಮಾರುಗಳಿಂದ ಬೆಳೆದ, ಈ ಎರಡು ಜಿಲ್ಲೆಗಳ ಕನ್ನಡ. ಆ ಅಜ್ಜಿ ತೀರಿಕೊಂಡಿದ್ದರೆ ಆ ದನಿಗೆ ಎರಡನೆಯ ಪ್ರತಿಯಿಲ್ಲ. ಕ್ಯಾಸೆಟ್ಟಿನ ನಾಡೆಯೂ ಬೂಸಲು ಹಿಡಿದು ವರ್ಷದಿಂದ ವರ್ಷಕ್ಕೆ ಕೆಡುತ್ತಿರುತ್ತದೆ.

ಆದುದರಿಂದ ಪೆಟ್ಟಿಗೆ ಮನೆ ಬಿಡುವ ಮುನ್ನ ಮಕ್ಕಳನ್ನು ಕೂಡಿಸಿಕೊಂಡು ಒಂದೊಂದೇ ಕ್ಯಾಸೆಟ್ಟನ್ನು ಕೇಳಿರಿ. ಬೇಕಾದುದನ್ನು ಮೊಬೈಲಿಗೆ ಇಳಿಸಿಕೊಳ್ಳಿರಿ. ಯಾರ ದನಿ, ಯಾವ ಊರು, ಯಾವ ಮದುವೆ ಎಂಬುದನ್ನು ಮಕ್ಕಳ ಕೈಯಿಂದಲೇ ಕನ್ನಡದಲ್ಲಿ ಬರೆಸಿರಿ. ಆಮೇಲೆ ರಿಸೀವರನ್ನು ಸಂತೋಷದಿಂದ ಮಾರಬಹುದು. ಅದು ಇನ್ನೊಬ್ಬರ ಮನೆಯಲ್ಲಿ ಹಾಡಲಿ.